ಬೀಡಿ ಸಿಗುವ ಊರಲ್ಲಿ ಬಿಡಿಸುವ ಗಮ್ಮೂ ಸಿಗಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಬಂಧುಗಳೇ, ಅದರಲ್ಲೂ ಮೆಡಿಕಲ್ ಅಂಗಡಿ ನಡೆಸುವ ಅಣ್ಣ ತಮ್ಮಂದಿರೇ,

ಬೀಡಿ ಬಿಡುತ್ತೇನೆ ಎಂದವರಿಗೆ ನಾವು ಕೊಡುವುದು ಬರೀ ಬುದ್ಧಿಮಾತು. ಮನಸ್ಸು ಗಟ್ಟಿ ಮಾಡು ಅನ್ನುತ್ತೇವೆ, ದೇವರ ಮುಂದೆ ಆಣೆ ಮಾಡಿಸುತ್ತೇವೆ. ಎರಡು ದಿನ ತಡೆದವರು ಮೂರನೆಯ ದಿನ ಚಹಾ ಕುಡಿದ ಕೂಡಲೇ ಜೇಬಿಗೆ ಕೈ ಹಾಕುತ್ತಾರೆ. ಅವರನ್ನು ಹೀಯಾಳಿಸಬೇಡಿ. ಆ ಸಿಡುಕು, ತಲೆನೋವು, ನಿದ್ದೆಗೇಡು ತಂಬಾಕಿನಲ್ಲಿರುವ ನಿಕೋಟಿನ್ ಸಿಗದ ಮೈ ಪಡುವ ಪಾಡು. ಮೊದಲ ವಾರದಲ್ಲಿ ಅದರ ಕಾಟ ಬಲು ಜೋರು.

ಈ ಕಾಟ ತಗ್ಗಿಸುವುದಕ್ಕೇ ನಿಕೋಟಿನ್ ಗಮ್ ಇದೆ. ಇಂಥ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ, ಭಾರತ 2022ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿವೆ. 2 ಮಿಲಿಗ್ರಾಂ ಗಮ್‌ಗೆ ವೈದ್ಯರ ಚೀಟಿ ಬೇಕಿಲ್ಲ, 4 ಮಿಲಿಗ್ರಾಂನದಕ್ಕೆ ಬೇಕು. ಆದರೆ ಚೀಟಿ ಬೇಡ ಅಂದರಷ್ಟೇ ಸಾಲದು, ಮಾಲು ಕಪಾಟಿನಲ್ಲಿ ಇರಬೇಕು. ‘ವಿಜಯಪುರದಾಗ ಕೇಳ್ರಿ’ ಎಂದು ಕಳಿಸಿದರೆ, ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವವರು ಯಾರು? ಬೀಡಿ ಕಟ್ಟು ಮಾತ್ರ ಎದುರಿನ ಪಾನ್ ಅಂಗಡಿಯಲ್ಲೇ ಸಿಗುತ್ತದೆ.

ಗಮ್ ಕೊಡುವಾಗ ಎರಡು ಮಾತು ತಿಳಿಸಿ ಹೇಳಿ. ಇದನ್ನು ಬಬಲ್‌ಗಮ್ಮಿನಂತೆ ಒಂದೇ ಸಮ ಜಗಿಯಬಾರದು. ನಿಧಾನವಾಗಿ ಜಗಿದು, ಬಾಯಿ ಚುರುಚುರು ಅಂದೊಡನೆ ಕೆನ್ನೆಯ ಸಂದಿಗೆ ಒತ್ತಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೇ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹಾ ಕುಡಿಯಬಾರದು. ಇದನ್ನು ಯಾರೂ ಹೇಳದೆ ಬಿಟ್ಟರೆ, ಗಬಗಬ ಜಗಿದು ಬಿಕ್ಕಳಿಕೆ ತರಿಸಿಕೊಂಡು, ಇದೇನೂ ಪ್ರಯೋಜನವಿಲ್ಲ ಎಂದು ಎಸೆದುಬಿಡುತ್ತಾರೆ. ಗರ್ಭಿಣಿಯರು, ಹೃದ್ರೋಗ ಇರುವವರು ಮೊದಲು ವೈದ್ಯರನ್ನು ಕೇಳಲಿ.

2016–17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಸೇದುವವರಿಗಿಂತ ಬಾಯಿಗೆ ಹಾಕಿಕೊಳ್ಳುವವರೇ ಹೆಚ್ಚಿದ್ದರು. 2013ರಲ್ಲಿ ಗುಟ್ಕಾ ನಿಷೇಧಿಸಿದ ಸರ್ಕಾರ, ಅದರ ಚಟ ಹತ್ತಿದವರ ಕೈಗೆ ಏನು ಕೊಟ್ಟಿದೆ ಎಂದು ಕೇಳುವ ಹಕ್ಕು ನಮಗಿದೆ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಗಮ್ ಪುಕ್ಕಟೆ ಸಿಗಲಿ ಎಂದು ಶಾಸಕರನ್ನು, ಆರೋಗ್ಯಾಧಿಕಾರಿಗಳನ್ನು ಒತ್ತಾಯಿಸೋಣ. ಬಿಡಲು ಹೊರಟವರು 1800-11-2356ಕ್ಕೆ ಪುಕ್ಕಟೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಮೆಡಿಕಲ್ ಅಂಗಡಿಯವರೇ, ಮುಂದಿನ ಸಲ ಮಾಲು ತರಿಸುವಾಗ 2 ಮಿಲಿಗ್ರಾಂ ಗಮ್ಮನ್ನೂ ಪಟ್ಟಿಗೆ ಸೇರಿಸಿ. ಒಮ್ಮೆಲೇ ಬಹಳ ಕೊಳ್ಳಲಾಗದವರಿಗೆ ಒಂದೊಂದೇ ಸ್ಟ್ರಿಪ್ ಕೊಡಿ. ಗಿರಾಕಿ ಕೇಳಲು ನಾಚಿಕೊಳ್ಳದಂತೆ, ‘ಬೀಡಿ, ತಂಬಾಕು ಬಿಡುವ ಗಮ್ ಇಲ್ಲಿ ಸಿಗುತ್ತದೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿ.