ಹಡಗಿನ ಟಿಕೆಟ್: ಶೇ 60 ರಿಯಾಯಿತಿಯ ಒಳಲೆಕ್ಕ

‘ಎರಡನೆಯ ಪ್ರಯಾಣಿಕರಿಗೆ ಶೇ 60 ರಿಯಾಯಿತಿ, ಮಕ್ಕಳಿಗೆ ಉಚಿತ.’ ಕ್ರೂಸ್ ಹಡಗುಗಳ ಜಾಹೀರಾತಿನಲ್ಲಿ ಇಂಥ ಸಾಲು ವರ್ಷದ ಯಾವ ತಿಂಗಳು ನೋಡಿದರೂ ಸಿಗುತ್ತದೆ. ಯಾವಾಗಲೂ ಇರುವುದನ್ನು ರಿಯಾಯಿತಿ ಎನ್ನುವುದೋ, ಮಾಮೂಲಿ ದರ ಎನ್ನುವುದೋ? ಹಾಗೆಂದು ಅಗ್ಗದ ಟಿಕೆಟ್ಟೇ ಇಲ್ಲವೆಂದಲ್ಲ. ಇದೆ. ಆದರೆ ಅದನ್ನು ಹುಡುಕಬೇಕಾದದ್ದು ಹೊರಡುವ ತಾರೀಖಿನಲ್ಲಿ.

ಮೊದಲು ಆ ಶೇ 60ರ ಲೆಕ್ಕ ಬಿಡಿಸೋಣ. ಸಿಂಗಪುರದಿಂದ ನಾಲ್ಕು ರಾತ್ರಿಯ ಯಾನ, ಒಬ್ಬರಿಗೆ 40 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಗಂಡ–ಹೆಂಡತಿಗೆ 80 ಸಾವಿರ. ಶೇ 60ರ ಕಡಿತ ಎರಡನೆಯವರ ಟಿಕೆಟ್ಟಿಗೆ ಮಾತ್ರ, ಅಂದರೆ 24 ಸಾವಿರ. ಉಳಿಯಿತು 56 ಸಾವಿರ. ಇದಕ್ಕೆ ಬಂದರು ಶುಲ್ಕ, ತೆರಿಗೆ ಎಂದು ತಲೆಗೆ 9 ಸಾವಿರ ಸೇರಿಸಿ. ಅದರಲ್ಲಿ ನಯಾಪೈಸೆ ಕಡಿತವಿಲ್ಲ. ಹಡಗಿನ ಸಿಬ್ಬಂದಿಯ ಟಿಪ್ಸ್ ತಲೆಗೆ, ರಾತ್ರಿಗೆ ಒಂದೂವರೆ ಸಾವಿರದಂತೆ ಇಬ್ಬರಿಗೆ 12 ಸಾವಿರ. ಒಟ್ಟು 86 ಸಾವಿರ. ರಿಯಾಯಿತಿ ಇಲ್ಲದಿದ್ದರೆ 1,10,000 ಆಗುತ್ತಿತ್ತು. ಉಳಿದದ್ದು ಶೇ 22ರ ಆಸುಪಾಸು. ಮಕ್ಕಳ ‘ಉಚಿತ’ವೂ ಹೀಗೆಯೇ: ಅದೇ ಕ್ಯಾಬಿನ್ನಿನಲ್ಲಿ ಮೂರನೆಯವರಾಗಿ, ನಾಲ್ಕನೆಯವರಾಗಿ ಮಲಗುವ ಮಗುವಿಗೆ ಟಿಕೆಟ್ ಇಲ್ಲದಿದ್ದರೂ ಬಂದರು ಶುಲ್ಕ ತಪ್ಪುವುದಿಲ್ಲ. ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ದರ ತೋರಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಾಗ ದೊಡ್ಡ ಕ್ರೂಸ್ ಕಂಪನಿಗಳು ಅಮೆರಿಕದಲ್ಲಿ ದರ ತೋರಿಸುವ ಕ್ರಮವನ್ನೇ ಬದಲಿಸಿದವು. ಇಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು.

ಕಂಪನಿಗಳು ಟಿಕೆಟ್ ದರವನ್ನು ಇಷ್ಟು ಇಳಿಸುವುದಾದರೂ ಹೇಗೆ? ಖಾಲಿ ಸೀಟಿನೊಂದಿಗೆ ಹೊರಟ ಬಸ್ಸಿಗೆ ಆ ಸೀಟಿನ ದುಡ್ಡು ಮತ್ತೆ ಸಿಗದಂತೆ, ಖಾಲಿ ಕ್ಯಾಬಿನ್ನೂ ಅವರಿಗೆ ಬರೀ ನಷ್ಟ. ಇನ್ನೊಂದು ಕಾರಣವೂ ಇದೆ. ಕಾರ್ನಿವಲ್, ರಾಯಲ್ ಕೆರಿಬಿಯನ್‌ನಂಥ ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಬರುವುದು ಹಡಗು ಹತ್ತಿದ ಮೇಲೆ ನಾವು ಮಾಡುವ ಖರ್ಚಿನಿಂದ: ಮದ್ಯ, ಕ್ಯಾಸಿನೊ, ವೈಫೈ, ಸ್ಪಾ, ದಡದ ಮೇಲಿನ ಸುತ್ತಾಟ. ಅಗ್ಗದ ಟಿಕೆಟ್ ಒಳಗೆ ಕರೆಯುವುದಕ್ಕೆ. ವ್ಯಾಪಾರ ಶುರುವಾಗುವುದು ಆಮೇಲೆ. ಪಾನೀಯದ ಪ್ಯಾಕೇಜನ್ನೇ ನೋಡಿ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅಲ್ಲಿರುವ ವಯಸ್ಕರೆಲ್ಲ ಕೊಳ್ಳಬೇಕೆಂಬ ನಿಯಮ ಹಲವು ಕಂಪನಿಗಳಲ್ಲಿದೆ. ಗಂಡ ಸಂಜೆಗೆ ಎರಡು ಬಿಯರ್ ಕುಡಿದು, ಹೆಂಡತಿ ಮುಟ್ಟದೇ ಇದ್ದರೆ ಆ ಪ್ಯಾಕೇಜ್ ಶುದ್ಧ ದಂಡ. ಹಡಗಿನ ಬಿಲ್ಲು ಡಾಲರಿನಲ್ಲಿ ಬಂದರೆ ಕ್ರೆಡಿಟ್ ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಬೇರೆ.

ಇನ್ನು ತಾರೀಖು. ಜನವರಿಯಿಂದ ಮಾರ್ಚ್‌ವರೆಗೆ ಕ್ರೂಸ್ ಕಂಪನಿಗಳ ದೊಡ್ಡ ಮಾರಾಟದ ಕಾಲ. ಆಗ ದರ ಇಳಿಸುವುದಕ್ಕಿಂತ ಹಡಗಿನಲ್ಲಿ ಖರ್ಚು ಮಾಡಲು ಕ್ರೆಡಿಟ್, ಉಚಿತ ವೈಫೈ ಎಂದು ಕೊಸರು ಕೊಡುವುದೇ ಹೆಚ್ಚು. ಸಿಂಗಪುರದಲ್ಲಿ ಶುಕ್ರವಾರ ಹೊರಡುವ ಮೂರು ರಾತ್ರಿಯ ಯಾನಕ್ಕಿಂತ ಸೋಮವಾರ ಹೊರಡುವ ನಾಲ್ಕು ರಾತ್ರಿಯದ್ದು ರಾತ್ರಿ ಲೆಕ್ಕದಲ್ಲಿ ಅಗ್ಗವಾಗುವುದು ಸಾಮಾನ್ಯ. ಶಾಲೆಗೆ ಹೋಗುವ ಮಕ್ಕಳಿರುವವರು ಏಪ್ರಿಲ್–ಮೇಗೆ ಕಟ್ಟುಬಿದ್ದಿರುತ್ತಾರೆ. ಅವರು ಆರೇಳು ತಿಂಗಳು ಮೊದಲೇ ಕಾಯ್ದಿರಿಸುವುದು ಮೇಲು. ಕೊನೇ ಗಳಿಗೆಯಲ್ಲಿ ಅಗ್ಗವಾಗುತ್ತದೆಂದು ಕಾಯುವುದು ಬಂದರಿನ ಪಕ್ಕದ ಊರಿನವರಿಗೆ ಸರಿ. ಬೆಂಗಳೂರಿನಿಂದ ಹೋಗುವವರಿಗೆ ಹಡಗಿನಲ್ಲಿ ಉಳಿದದ್ದನ್ನು ವಿಮಾನ ನುಂಗುತ್ತದೆ, ವೀಸಾಗೂ ಸಮಯ ಸಾಲದು.

ಈ ವಿಷಯದಲ್ಲಿ ನಿಜವಾದ ಅದೃಷ್ಟವಂತರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗುವ ಅಪ್ಪ–ಅಮ್ಮಂದಿರು. ಅವರಿಗೆ ರಜೆಯ ಹಂಗಿಲ್ಲ. ಫ್ಲಾರಿಡಾದಿಂದ ಹೊರಡುವ ಕೆರಿಬಿಯನ್ ಯಾನಗಳು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಅಗ್ಗ. ಅಲ್ಲಿ ಶಾಲೆ ತೆರೆದಿರುತ್ತದೆ, ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲವೂ ಹೌದು. ಬಿರುಗಾಳಿ ಎದ್ದರೆ ಹಡಗು ದಾರಿ ಬದಲಿಸುತ್ತದೆ, ನೋಡಬೇಕೆಂದಿದ್ದ ದ್ವೀಪ ತಪ್ಪಬಹುದು. ಅಗ್ಗದ ಬೆಲೆಯಲ್ಲಿ ಅದೂ ಸೇರಿದೆ. 55 ದಾಟಿದವರಿಗೆ, ಕೆಲವು ರಾಜ್ಯಗಳ ನಿವಾಸಿಗಳಿಗೆ ಬೇರೆ ದರ ಇರುವುದುಂಟು. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಅಲ್ಲಿ ಕಾಯ್ದಿರಿಸಿದರೆ ಇನ್ನೊಂದು ಅನುಕೂಲ: ಪೂರ್ತಿ ಹಣ ಕಟ್ಟುವ ಗಡುವು ಬರುವವರೆಗೆ ದರ ಇಳಿದರೆ, ಹೊಸ ದರಕ್ಕೆ ಬದಲಿಸಿಕೊಡಿ ಎಂದು ಬಹುತೇಕ ಕಂಪನಿಗಳನ್ನು ಕೇಳಬಹುದು. ಹೊರಡುವ ಮುನ್ನ ಪಾಸ್‌ಪೋರ್ಟನ್ನು ಮುಂದಿಟ್ಟುಕೊಂಡು, ದಾರಿಯಲ್ಲಿ ಸಿಗುವ ಪ್ರತಿ ದೇಶದ ವೀಸಾ ನಿಯಮವನ್ನೂ ನೋಡಿಕೊಳ್ಳಲೇಬೇಕು. ಮಗನ ಅಮೆರಿಕನ್ ಪಾಸ್‌ಪೋರ್ಟಿಗೆ ಇರುವ ಸಲೀಸು ಅಪ್ಪನ ಭಾರತದ ಪಾಸ್‌ಪೋರ್ಟಿಗೆ ಇರುವುದಿಲ್ಲ.

ಕ್ಯಾಬಿನ್ ವಿಚಾರದಲ್ಲಿ ಹೆಚ್ಚು ಯೋಚಿಸಬೇಕಿಲ್ಲ: ಕಿಟಕಿಯಿಲ್ಲದ ಒಳಕ್ಯಾಬಿನ್ ಅಗ್ಗ, ಊಟ–ಮನರಂಜನೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ‘ಗ್ಯಾರಂಟಿ ಕ್ಯಾಬಿನ್’ ಎಂದರೆ ದರ್ಜೆ ನಮ್ಮದು, ಕೋಣೆಯ ನಂಬರ್ ಅವರ ಇಷ್ಟ. ಮೇಲಿನ ಮಹಡಿಯಲ್ಲಿ ಡ್ಯಾನ್ಸ್ ಫ್ಲೋರ್ ಇದ್ದರೆ ಸಹಿಸಿಕೊಳ್ಳಬೇಕು. ಒಂಟಿಯಾಗಿ ಹೋಗುವವರಿಗೆ ಹೆಚ್ಚಿನ ಕಡೆ ಸುಮಾರು ಎರಡು ಟಿಕೆಟ್ಟಿನ ದುಡ್ಡೇ ಬೀಳುತ್ತದೆ. ಇದು ಅನ್ಯಾಯವೇ, ಆದರೂ ನಿಯಮ.

ಮೊದಲ ಸಲ ಹೋಗುವವರಿಗೆ ಮುಂಬೈ–ಗೋವಾ ಯಾನ ಸಾಕು ಎಂಬುದು ನನ್ನ ಅಭಿಪ್ರಾಯ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರ ಹಳೆಯ ಹಡಗು, 2021ರಿಂದ ನಮ್ಮ ಕರಾವಳಿಯಲ್ಲಿ ಓಡುತ್ತಿದೆ. ಹೊಸ ಹಡಗುಗಳ ಝಗಮಗ ಅದರಲ್ಲಿಲ್ಲ. ಆದರೆ ವೀಸಾ ಬೇಡ, ಡಾಲರ್ ಬೇಡ, ಸಮುದ್ರದಲ್ಲಿ ಹೊಟ್ಟೆ ತೊಳಸುವ ಜಾತಿಯೋ ಅಲ್ಲವೋ ಎಂಬುದು ಎರಡು ರಾತ್ರಿಯಲ್ಲಿ ಗೊತ್ತಾಗುತ್ತದೆ.

ಎಲ್ಲಿಗೇ ಹೋಗಿ, ಮುಂಗಡ ಕೊಡುವ ಮುನ್ನ ಟ್ರಾವೆಲ್ ಏಜೆಂಟರಿಂದ ಮೂರು ವಿಷಯ ಬರಹದಲ್ಲಿ ಪಡೆಯಿರಿ: ಬಂದರು ಶುಲ್ಕ, ಟಿಪ್ಸ್, ತೆರಿಗೆ ಎಲ್ಲ ಸೇರಿದ ಒಟ್ಟು ಮೊತ್ತ, ಯಾವ ತಾರೀಖಿನವರೆಗೆ ರದ್ದು ಮಾಡಿದರೆ ಎಷ್ಟು ಹಣ ವಾಪಸ್, ಕಂಪನಿಯ ಹೆಸರಿನಲ್ಲಿರುವ ಬುಕಿಂಗ್ ನಂಬರ್. ವಿದೇಶಿ ಪ್ಯಾಕೇಜ್ ಆಗಿದ್ದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ (ಟಿಸಿಎಸ್) ಹಿಡಿದದ್ದಕ್ಕೆ ಪ್ರಮಾಣಪತ್ರವನ್ನೂ ಕೇಳಿ. ಆ ಹಣವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಹಿಡಿಯಬಹುದು.