ಸೋಲಿನ ಹೊಣೆ ಯಾರದು? ಕಾಲ್ಚೆಂಡಾಟದ ವಾದವೂ ನಯದೃಷ್ಟಿಯೂ

ಅನೇಕಾಂತವೆಂಬುದು ಪಂಡಿತರ ಸಭೆಗೆ ಮೀಸಲಾದ ತತ್ತ್ವ, ಗೃಹಸ್ಥನ ದಿನನಿತ್ಯದ ಬಾಳಿಗೆ ಅದರಿಂದ ಆಗಬೇಕಾದುದೇನೂ ಇಲ್ಲ ಎಂಬ ಭಾವನೆ ಹಲವರಲ್ಲಿದೆ. ಆದರೆ ಎಲ್ಲಿ ಇಬ್ಬರು ಒಂದೇ ವಸ್ತುವನ್ನು ಪ್ರೀತಿಸುತ್ತ ಅದರ ವಿಷಯವಾಗಿ ಭಿನ್ನವಾಗಿ ನುಡಿಯುತ್ತಾರೋ ಅಲ್ಲಿ ಅನೇಕಾಂತದ ಅಗತ್ಯವಿದೆ. ಅದು ಬಸದಿಯ ಪ್ರಾಂಗಣವಾಗಿರಬಹುದು, ಚಹದ ಅಂಗಡಿಯಾಗಿರಬಹುದು, ಶಿವಮೊಗ್ಗದಿಂದ ಭದ್ರಾವತಿಯ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ರೈಲಿನ ಬೋಗಿಯೂ ಆಗಿರಬಹುದು. ಇಂದಿನ ತರುಣರು ಅಂಥ ಸ್ಥಳಗಳಲ್ಲಿ ಆವೇಶದಿಂದ ಚರ್ಚಿಸುವ ವಿಷಯಗಳಲ್ಲಿ ಒಂದು, ತಮ್ಮ ಮೆಚ್ಚಿನ ಕಾಲ್ಚೆಂಡಾಟದ ತಂಡ ಸೋತಾಗ ಅದರ ಮುಖ್ಯ ತರಬೇತುದಾರನನ್ನು ಉಳಿಸಿಕೊಳ್ಳಬೇಕೆ, ಕಳುಹಿಸಬೇಕೆ ಎಂಬುದು. ವಿಷಯ ಲೌಕಿಕವೆಂದು ತಳ್ಳಿಹಾಕುವಂತಿಲ್ಲ. ಕಷಾಯಗಳು ಏಳುವುದು ಲೌಕಿಕ ವಿಷಯಗಳಲ್ಲಿಯೇ ಅಲ್ಲವೆ?

ನಮ್ಮ ನಾಡಿನ ತಂಡದ ಉದಾಹರಣೆಯನ್ನೇ ನೋಡಬಹುದು. 2013ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ಎಫ್‌ಸಿ ತಂಡವು ಆ್ಯಶ್ಲಿ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಮೊದಲ ಪ್ರಯತ್ನದಲ್ಲಿಯೇ ಐ-ಲೀಗ್ ಗೆದ್ದಿತು. ಮುಂದೆ ಕಾರ್ಲೆಸ್ ಕ್ವಾಡ್ರಾಟ್ ಅವರ ಕಾಲದಲ್ಲಿ, 2019ರ ಮಾರ್ಚ್‌ನಲ್ಲಿ, ಮುಂಬೈಯಲ್ಲಿ ಗೋವಾ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ ಮಣಿಸಿ ಇಂಡಿಯನ್ ಸೂಪರ್ ಲೀಗ್ ಕಿರೀಟವನ್ನು ಧರಿಸಿತು. ಅದೇ ಕ್ವಾಡ್ರಾಟ್ 2021ರ ಜನವರಿಯಲ್ಲಿ, ತಂಡವು ಸಾಲಾಗಿ ಮೂರು ಪಂದ್ಯಗಳನ್ನು ಸೋತ ಬಳಿಕ, ಹುದ್ದೆಯಿಂದ ಹೊರಬಂದರು. 2022ರಲ್ಲಿ ಬಂದ ಸೈಮನ್ ಗ್ರೇಸನ್ ಆ ಸೆಪ್ಟೆಂಬರ್‌ನಲ್ಲಿಯೇ ಡ್ಯುರಾಂಡ್ ಕಪ್ ತಂದುಕೊಟ್ಟರು. ಲೀಗ್‌ನಲ್ಲಿ ಆರಂಭ ಕೆಟ್ಟದ್ದಾಗಿತ್ತು. ಆದರೂ ಸಾಲಾಗಿ ಎಂಟು ಪಂದ್ಯಗಳನ್ನು ಗೆದ್ದು ತಂಡವು ಮೇಲೆದ್ದಿತು. 2023ರ ಮಾರ್ಚ್‌ನಲ್ಲಿ ಫೈನಲ್ ತಲುಪಿ ಪೆನಾಲ್ಟಿಗಳಲ್ಲಿ ಸೋತಿತು. ಅದೇ ವರ್ಷದ ಡಿಸೆಂಬರ್ 8ರಂದು ಕಂಠೀರವ ಕ್ರೀಡಾಂಗಣದಲ್ಲಿ, ತವರಿನ ಪ್ರೇಕ್ಷಕರ ಎದುರಿಗೇ, ಮುಂಬೈ ತಂಡಕ್ಕೆ 4–0ರಿಂದ ಶರಣಾಯಿತು. ಗ್ರೇಸನ್ ಅವರ ಅಧ್ಯಾಯ ಅಲ್ಲಿಗೆ ಮುಗಿಯಿತು.

ಇಂಥ ಸಂದರ್ಭದಲ್ಲಿ ಅಭಿಮಾನಿಗಳು ಎರಡು ಬಣಗಳಾಗುತ್ತಾರೆ. ಒಂದು ಬಣ, ‘ಇಂದು ಆಟ ಹೇಗಿದೆಯೋ ಅದನ್ನು ನೋಡಿರಿ, ಹಳೆಯ ಕಪ್ಪುಗಳಿಂದ ಇಂದಿನ ಗೋಲುಗಳನ್ನು ತಡೆಯಲಾದೀತೆ’ ಎನ್ನುತ್ತದೆ. ಇನ್ನೊಂದು, ‘ಅವರು ತಂಡವನ್ನು ಕಟ್ಟುತ್ತಿದ್ದಾರೆ, ಕಟ್ಟುವವನಿಗೆ ಕಾಲಾವಕಾಶ ಬೇಡವೆ’ ಎಂದು ಕೇಳುತ್ತದೆ. ಇವರಲ್ಲಿ ಸುಳ್ಳು ಹೇಳುತ್ತಿರುವವರು ಯಾರು? ಯಾರೂ ಇಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನೈಗಮ, ಸಂಗ್ರಹ, ವ್ಯವಹಾರ, ಋಜುಸೂತ್ರ, ಶಬ್ದ, ಸಮಭಿರೂಢ, ಏವಂಭೂತ ಎಂಬ ಏಳು ನಯಗಳನ್ನು ಹೆಸರಿಸಿದ್ದಾರೆ. ವರ್ತಮಾನದ ಪರ್ಯಾಯವನ್ನು ಮಾತ್ರ ಗ್ರಹಿಸುವುದು ಋಜುಸೂತ್ರನಯ. ಇನ್ನೂ ಸಿದ್ಧವಾಗದ ಕಾರ್ಯವನ್ನು ಸಂಕಲ್ಪದ ಬಲದಿಂದ ಸಿದ್ಧವೆಂಬಂತೆ ಹೇಳುವುದು ನೈಗಮನಯ. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸರಳವಾದ ದೃಷ್ಟಾಂತ ಕೊಟ್ಟಿದ್ದಾರೆ. ಸೌದೆಯನ್ನೂ ನೀರನ್ನೂ ಹೊಂದಿಸುತ್ತಿರುವವನನ್ನು ಏನು ಮಾಡುತ್ತಿರುವೆ ಎಂದು ಕೇಳಿದರೆ ಅವನು ಅನ್ನ ಬೇಯಿಸುತ್ತಿದ್ದೇನೆ ಎನ್ನುತ್ತಾನೆ. ಒಲೆಯ ಮೇಲೆ ಅನ್ನವಿಲ್ಲ. ಆದರೂ ಅವನ ಮಾತು ಸುಳ್ಳಲ್ಲ. ತಂಡವನ್ನು ಕಟ್ಟುತ್ತಿದ್ದಾರೆ ಎನ್ನುವ ಅಭಿಮಾನಿಯ ಮಾತು ಈ ಬಗೆಯದು. ಒಲೆಯಲ್ಲಿ ಅನ್ನವಿಲ್ಲ, ಹಸಿವಾಗಿದೆ ಎನ್ನುವವನ ಮಾತು ಋಜುಸೂತ್ರದ್ದು. ಹಸಿವೂ ನಿಜ, ಸಿದ್ಧತೆಯೂ ನಿಜ.

ನಯವು ತನ್ನ ಪಾಲಿನ ಸತ್ಯವನ್ನು ಹೇಳುವವರೆಗೆ ಸುನಯ. ತನ್ನ ಪಾಲೇ ಪೂರ್ಣವೆಂದು ಹಟ ಹಿಡಿದು ಇನ್ನೊಂದನ್ನು ನಿರಾಕರಿಸಿದ ಕ್ಷಣದಲ್ಲಿ ಅದು ದುರ್ನಯವಾಗುತ್ತದೆ. ಮುಂದಿನ ವರ್ಷಗಳ ಘಟನೆಗಳು ಇದಕ್ಕೆ ಸಾಕ್ಷಿ. ಗ್ರೇಸನ್ ಬಳಿಕ ಬಂದ ಜೆರಾರ್ಡ್ ಜಾರಗೋಜಾ ಅವರ ಕೈಯಲ್ಲಿ ತಂಡವು 2023–24ರ ಋತುವನ್ನು 12 ತಂಡಗಳ ಪೈಕಿ 10ನೆಯ ಸ್ಥಾನದಲ್ಲಿ ಮುಗಿಸಿತು. ಬದಲಾವಣೆಯೇ ಔಷಧವೆಂದು ನಂಬಿದ್ದವರಿಗೆ ಅಂದು ಉತ್ತರ ದೊರೆಯಲಿಲ್ಲ. ಆದರೆ ಅದೇ ತರಬೇತುದಾರರ ಜೊತೆಯಲ್ಲಿ ತಂಡವು ಮರುವರ್ಷ, 2025ರ ಏಪ್ರಿಲ್ 12ರಂದು, ಕೋಲ್ಕತ್ತದಲ್ಲಿ ಫೈನಲ್ ಆಡಿತು; ಮೋಹನ್ ಬಾಗಾನ್ ಎದುರು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋತಿತು. ಒಬ್ಬನೇ ವ್ಯಕ್ತಿ ಒಂದು ವರ್ಷದ ಅಪೇಕ್ಷೆಯಿಂದ ಅಸಮರ್ಥ, ಮರುವರ್ಷದ ಅಪೇಕ್ಷೆಯಿಂದ ಸಮರ್ಥ. ‘ಸ್ಯಾತ್’ ಎಂಬ ಪದವು ಸಂಶಯವನ್ನಲ್ಲ, ಈ ಅಪೇಕ್ಷೆಯನ್ನೇ ಸೂಚಿಸುತ್ತದೆ.

ಸಮಂತಭದ್ರಸ್ವಾಮಿಗಳ ಆಪ್ತಮೀಮಾಂಸೆಯಲ್ಲಿ ಚಿನ್ನದ ಕಲಶದ ದೃಷ್ಟಾಂತವೊಂದಿದೆ. ಕಲಶವನ್ನು ಕರಗಿಸಿ ಮುಕುಟವನ್ನು ಮಾಡಿದಾಗ ಕಲಶವನ್ನು ಬಯಸಿದವನು ದುಃಖಿಸುತ್ತಾನೆ, ಮುಕುಟವನ್ನು ಬಯಸಿದವನು ಹರ್ಷಿಸುತ್ತಾನೆ, ಚಿನ್ನವನ್ನು ಬಯಸಿದವನು ಮಧ್ಯಸ್ಥನಾಗಿರುತ್ತಾನೆ. ಹಳೆಯ ಪರ್ಯಾಯದ ವ್ಯಯ, ಹೊಸ ಪರ್ಯಾಯದ ಉತ್ಪಾದ, ದ್ರವ್ಯದ ಧ್ರೌವ್ಯ ಮೂರೂ ಒಂದೇ ಘಳಿಗೆಯಲ್ಲಿವೆ. ತಂಡವೂ ಹೀಗೆಯೇ. ತರಬೇತುದಾರರು ಬರುತ್ತಾರೆ, ಹೋಗುತ್ತಾರೆ, ಆಟಗಾರರೂ ಹಾಗೆಯೇ. ನಾಡಿನ ಮಕ್ಕಳ ಆಟದ ಪ್ರೀತಿ ಉಳಿಯುತ್ತದೆ. ಮೈಸೂರು ರಾಜ್ಯವಾಗಿದ್ದಾಗ 1968–69ರಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕವು ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ನಡುವಿನ 54 ವರ್ಷಗಳಲ್ಲಿ ಎಷ್ಟು ಕಲಶಗಳು ಕರಗಿದವೋ! ಚಿನ್ನವನ್ನು ಪ್ರೀತಿಸಿದವರು ಮಾತ್ರ ಅಷ್ಟು ಕಾಲ ಕಾಯಬಲ್ಲರು.

ಇನ್ನು ಹೊಣೆಯ ಪ್ರಶ್ನೆ. ಜೈನಸಿದ್ಧಾಂತವು ಕಾರ್ಯಕ್ಕೆ ಉಪಾದಾನ ಮತ್ತು ನಿಮಿತ್ತ ಎಂಬ ಎರಡು ಕಾರಣಗಳನ್ನು ಹೇಳುತ್ತದೆ. ಮಡಕೆಗೆ ಮಣ್ಣು ಉಪಾದಾನ. ಕುಂಬಾರ, ಚಕ್ರ, ದಂಡಗಳು ನಿಮಿತ್ತ. ಮೈದಾನದಲ್ಲಿ ಆಟಗಾರರ ಶಕ್ತಿ, ಶಿಸ್ತು, ಮನೋಧೈರ್ಯಗಳು ಉಪಾದಾನ. ತರಬೇತುದಾರ ಪ್ರಬಲವಾದ ನಿಮಿತ್ತ, ಆದರೂ ನಿಮಿತ್ತವೇ. ಗಾಯಗೊಂಡ ಆಟಗಾರರು, ಆಡಳಿತವು ಕೊಂಡ ಅಥವಾ ಕೊಳ್ಳದ ಆಟಗಾರರು, ಎದುರಾಳಿಯ ಪುರುಷಾರ್ಥ, ಇವೂ ನಿಮಿತ್ತಗಳು. ಎದುರಾಳಿ ಚೆನ್ನಾಗಿ ಆಡಿದ ಎಂಬ ಮಾತು ಸೋತ ದಿನ ಯಾರ ಬಾಯಲ್ಲಿಯೂ ಬರುವುದಿಲ್ಲ. ಗುಣವಂತರಲ್ಲಿ ಪ್ರಮೋದಭಾವವಿರಬೇಕೆಂಬ ಉಪದೇಶ ಅಂದು ಮರೆತುಹೋಗುತ್ತದೆ. ಹನ್ನೊಂದು ಮಂದಿಯ, ಒಂದು ಸಂಸ್ಥೆಯ ಸೋಲನ್ನು ಒಬ್ಬನ ಹೆಗಲಿಗೆ ಹೊರಿಸಿದರೆ ಉಳಿದವರು ತಮ್ಮ ದೋಷವನ್ನು ನೋಡಿಕೊಳ್ಳುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಈ ಮಾತು ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಾದುದಲ್ಲ. 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಿಂದ ಊರಾದ ಊರು ಅದು. ಅಲ್ಲಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 2023ರ ಆರಂಭದಲ್ಲಿ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರದ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ನಷ್ಟಕ್ಕೆ ಕಾರಣಗಳು ನೂರಿದ್ದರೂ ಅದರ ಭಾರ ಬಿದ್ದದ್ದು ಯಂತ್ರದ ಮುಂದೆ ದುಡಿದವನ ಮನೆಯ ಮೇಲೆ. ಪೇಪರ್ ಟೌನ್‌ನಲ್ಲಿಯೋ ನ್ಯೂಟೌನ್‌ನಲ್ಲಿಯೋ ಬೆಳೆದ ತರುಣನು ‘ಅವನನ್ನು ಇಂದೇ ಕಿತ್ತೆಸೆಯಿರಿ’ ಎಂದು ಫೋನಿನಲ್ಲಿ ಬರೆಯುವ ಮುನ್ನ, ಅದೇ ಮಾತನ್ನು ತನ್ನ ಮನೆಯ ಹಿರಿಯರು ಯಾರದೋ ಬಾಯಿಂದ ಹೇಗೆ ಕೇಳಿದ್ದರೆಂದು ನೆನೆಯಬಹುದು. ತರಬೇತುದಾರನಿಗೆ ದೊಡ್ಡ ಸಂಬಳವಿರಬಹುದು; ಅವನಿಗೆ ಬೇರೆ ಕೆಲಸವೂ ಸಿಗಬಹುದು. ಅಷ್ಟರಿಂದ ಅವಮಾನದ ನೋವು ಕಡಿಮೆಯಾಗುವುದಿಲ್ಲ. ಅಹಿಂಸೆಯು ಸಂಬಳವನ್ನು ವಿಚಾರಿಸಿ ಅನ್ವಯಿಸುವ ವ್ರತವಲ್ಲ.

ಈ ವಾದಗಳು ವಾದಿಸುವವರ ಒಳಗೆ ಏನು ಮಾಡುತ್ತವೆ ಎಂಬುದನ್ನೂ ಗಮನಿಸಬೇಕು. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದು ಅನಿಷ್ಟಸಂಯೋಗ: ಅಪ್ರಿಯವಾದುದು ಎದುರಾದಾಗ ಅದು ತೊಲಗಲೆಂದು ಎಡೆಬಿಡದೆ ಚಿಂತಿಸುವುದು. ಇನ್ನೊಂದು ಇಷ್ಟವಿಯೋಗ: ಪ್ರಿಯವಾದುದು ಅಗಲಿದಾಗ ಅದಕ್ಕಾಗಿ ಹಂಬಲಿಸುವುದು. ತರಬೇತುದಾರ ಹೋಗಲಿ ಎಂಬ ಬಣವು ಮೊದಲನೆಯದರಲ್ಲಿ, ಹೋದನಲ್ಲಾ ಎಂಬ ಬಣವು ಎರಡನೆಯದರಲ್ಲಿ ವಾರಗಟ್ಟಲೆ ಮುಳುಗಿರುತ್ತವೆ. ಪಂದ್ಯ ನಡೆಯುವುದು ತೊಂಬತ್ತು ನಿಮಿಷ; ಬಂಧ ನಡೆಯುವುದು ಆಮೇಲೆ, ಹಗಲೂ ರಾತ್ರಿಯೂ. ಪರೀಕ್ಷೆಯ ಓದು, ತಾಯಿ ಬಡಿಸಿದ ಊಟ, ನೆರೆಮನೆಯ ಗೆಳೆಯನ ಸ್ನೇಹ, ಇವೆಲ್ಲ ಅದಕ್ಕೆ ಆಹುತಿಯಾಗುತ್ತವೆ. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು ಪರಸ್ಪರ ಮಾತು ಬಿಟ್ಟರೆ ಆ ನಷ್ಟವನ್ನು ಯಾವ ಹೊಸ ತರಬೇತುದಾರ ತುಂಬಿಕೊಟ್ಟಾನು?

ಸತ್ಯಾಣುವ್ರತದ ಅತಿಚಾರಗಳನ್ನು ಇಲ್ಲಿ ಸ್ಮರಿಸುವುದು ಉಚಿತ. ತಪ್ಪು ಉಪದೇಶ, ಇತರರ ಗುಟ್ಟನ್ನು ಬಯಲುಮಾಡುವುದು, ಕೂಟಲೇಖ ಅಂದರೆ ಸುಳ್ಳು ಬರಹ, ನ್ಯಾಸಾಪಹಾರ, ಮುಖಚರ್ಯೆಯಿಂದ ಊಹಿಸಿದ ಇತರರ ಮನದ ಮಾತನ್ನು ಹರಡುವುದು ಎಂದು ಅವು ಐದು. ಆಟಗಾರರ ಕೋಣೆಯಲ್ಲಿ ಜಗಳವಾಯಿತಂತೆ, ಬೆಂಚಿನ ಮೇಲೆ ಕುಳಿತ ಆಟಗಾರನ ಮುಖ ನೋಡಿದರೆ ತಿಳಿಯುವುದಿಲ್ಲವೆ, ರಾಜೀನಾಮೆಯ ಪತ್ರ ಸಿದ್ಧವಾಗಿದೆಯಂತೆ, ಈ ಬಗೆಯ ಸಂದೇಶಗಳನ್ನು ಯೋಚಿಸದೆ ಮುಂದಕ್ಕೆ ಕಳುಹಿಸುವ ಶ್ರಾವಕನು ತನ್ನ ವ್ರತಕ್ಕೆ ಎಲ್ಲಿ ಕಲೆ ತಗುಲಿತೆಂದು ಈ ಪಟ್ಟಿಯಲ್ಲಿ ನೋಡಿಕೊಳ್ಳಬಹುದು. ಶಾಸ್ತ್ರಕಾರರಿಗೆ ಮೊಬೈಲು ಗೊತ್ತಿರಲಿಲ್ಲ. ಮನುಷ್ಯನ ನಾಲಗೆ ಗೊತ್ತಿತ್ತು.

ಹಾಗಾದರೆ ಅಭಿಮಾನಿಯು ಬಾಯಿ ಮುಚ್ಚಿಕೊಂಡಿರಬೇಕೆ? ಎಲ್ಲವೂ ಅಪೇಕ್ಷೆಯ ಮಾತಾದ ಮೇಲೆ ನಿರ್ಧಾರವೇ ಬೇಡವೆ? ಈ ಆಕ್ಷೇಪ ನ್ಯಾಯವಾದುದು. ಅನೇಕಾಂತವೆಂದರೆ ಅನಿಶ್ಚಯವಲ್ಲ. ಎಲ್ಲ ನಯಗಳನ್ನೂ ಆಲಿಸಿದ ಮೇಲೆ ನಿಶ್ಚಿತವಾದ ಜ್ಞಾನಕ್ಕೆ ಬರುವುದೇ ಅದರ ಗುರಿ. ಕೊಂಡ ಟಿಕೆಟ್ಟಿಗೂ ಕೊಟ್ಟ ಪ್ರೀತಿಗೂ ತಕ್ಕ ಪ್ರಶ್ನೆಯನ್ನು ಕೇಳುವ ಅಧಿಕಾರ ಅಭಿಮಾನಿಗೆ ಇದೆ. ಒಬ್ಬ ತರಬೇತುದಾರನ ಕ್ರಮ ತಂಡಕ್ಕೆ ಒಗ್ಗದಿರುವುದು ದೀರ್ಘ ಅವಲೋಕನದಿಂದ ಸ್ಪಷ್ಟವಾದರೆ ಅವನನ್ನು ಗೌರವದಿಂದ ಬೀಳ್ಕೊಡುವುದು ತಪ್ಪಲ್ಲ. ಶಿಷ್ಯನಿಗೆ ಹಿತವಾಗದ ಕ್ರಮವನ್ನು ಗುರುವೂ ಬದಲಿಸುತ್ತಾನೆ. ವಿವೇಕವು ಕೇಳುವುದು ಮೂರನ್ನು ಮಾತ್ರ. ಸೋತ ರಾತ್ರಿಯಲ್ಲಿ ತೀರ್ಪು ಕೊಡದಿರುವುದು. ಕ್ರೋಧವು ಶಮನವಾಗುವವರೆಗೆ ಕಾಯುವುದು. ವ್ಯಕ್ತಿಯನ್ನು ಬಿಟ್ಟು ಅವನ ಕಾರ್ಯವನ್ನು ವಿಮರ್ಶಿಸುವುದು. ಅವನ ದೇಶ, ಬಣ್ಣ, ಕುಟುಂಬಗಳನ್ನು ಮಾತಿಗೆ ಎಳೆಯದಿರುವುದು. ಎದುರುಬಣದವನ ವಾದವನ್ನು ಅವನು ಒಪ್ಪುವಂತೆ ಒಮ್ಮೆ ತನ್ನ ಬಾಯಿಂದ ಹೇಳಿ ನೋಡಿ, ಆಮೇಲೆ ತನ್ನ ವಾದವನ್ನು ಮಂಡಿಸುವುದು. ಈ ಮೂರನೆಯದು ಸ್ಯಾದ್ವಾದದ ಅಭ್ಯಾಸವೇ ಆಗಿದೆ. ಇದನ್ನು ಆಟದ ವಿಷಯದಲ್ಲಿ ಕಲಿತವನು ನಾಳೆ ಆಸ್ತಿಯ ಪಾಲಿನಲ್ಲಿ, ಸಂಘದ ಚುನಾವಣೆಯಲ್ಲಿ, ಸೊಸೆ–ಅತ್ತೆಯರ ನಡುವೆ ನ್ಯಾಯ ಹೇಳುವಾಗ ಬಳಸಬಲ್ಲನು.

ಶಿವಮೊಗ್ಗ ಜಿಲ್ಲೆಗೆ ಹೊಂಬುಜದಂತಹ ಪುಣ್ಯಕ್ಷೇತ್ರವಿದೆ. ಪ್ರತಿ ವರ್ಷ ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯಂದು ಎಲ್ಲ ಜೀವಿಗಳಲ್ಲಿಯೂ ಕ್ಷಮೆ ಬೇಡುವುದು ಶ್ರಾವಕರ ರೂಢಿ. ಆ ದಿನ ಸಾಮಾನ್ಯವಾಗಿ ನೆನಪಾಗುವವರು ಬಂಧುಗಳು, ನೆರೆಯವರು, ವ್ಯವಹಾರದಲ್ಲಿ ಮನಸ್ತಾಪವಾದವರು. ಮುಖವನ್ನೇ ನೋಡದೆ, ಹೆಸರು ಹಿಡಿದು, ದೂರದಿಂದ ಬೈದ ಒಬ್ಬ ಪರದೇಶದ ತರಬೇತುದಾರನೂ ಆ ‘ಎಲ್ಲ ಜೀವಿ’ಗಳಲ್ಲಿ ಸೇರಿದ್ದಾನೆ. ಅವನಿಗೆ ಪತ್ರ ಬರೆಯಬೇಕಾಗಿಲ್ಲ. ಸಂಜೆಯ ಪ್ರತಿಕ್ರಮಣದಲ್ಲಿ ಅವನನ್ನೂ, ಅವನ ಕಾರಣದಿಂದ ಮಾತು ಬಿಟ್ಟ ಗೆಳೆಯನನ್ನೂ ನೆನೆದರೆ ಸಾಕು. ಗೆಳೆಯನ ಮನೆಯಂತೂ ದೂರವಿರಲಾರದು. ಅಲ್ಲಿಗೆ ನಡೆದೇ ಹೋಗಬಹುದು.