ಖಾಕಿ ಅಂಗಿಗೆ ಜಾತಿ ಇಲ್ಲ



ಅಣ್ಣಿಗೇರಿಯ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ನಮ್ಮ ಕೇರಿಯವರೇ ಆದ ಕಾಕಾ ಒಬ್ಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಹವಾಲ್ದಾರರಾಗಿ ನಿವೃತ್ತರಾದವರು. "ತಮ್ಮಾ, ನೀವೆಲ್ಲಾ ದ್ವೇಷದ ಕಾಯ್ದೆ ಬೇಕು ಅಂತ ಭಾಷಣಾ ಮಾಡ್ತೀರಿ. ನಮ್ಮ ಮ್ಯಾಲೂ ಕಲ್ಲು ಒಗದಾರ. ನನ್ನ ತಲಿಗೆ ಏಳು ಹೊಲಿಗಿ ಬಿದ್ದಾವ. ಆ ಕಾಯ್ದೇದಾಗ ಪೊಲೀಸರ ಹೆಸರು ಯಾಕ ಬ್ಯಾಡ?" ಅಂದರು. ಆ ಮಾತಿಗೆ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆಯುವ ಮಸೂದೆಗೆ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಧರ್ಮ, ಜಾತಿ, ಲಿಂಗ, ಭಾಷೆ, ಹುಟ್ಟಿದ ನೆಲ, ಅಂಗವೈಕಲ್ಯ, ಬುಡಕಟ್ಟು ಹೀಗೆ ಅದರಲ್ಲಿ ಒಂದು ಪಟ್ಟಿ ಇದೆ. ನೌಕರಿ ಆ ಪಟ್ಟಿಯಲ್ಲಿ ಇಲ್ಲ. ಆದರೆ ನೌಕರಿಯನ್ನೂ ಸೇರಿಸಿದ ದೇಶ ಇದೆ. ಅಮೆರಿಕೆಯ ಲೂಯಿಸಿಯಾನ ರಾಜ್ಯ 2016ರಲ್ಲಿ ತನ್ನ ದ್ವೇಷಾಪರಾಧ ಕಾನೂನಿನೊಳಗೆ ಪೊಲೀಸರನ್ನೂ ಅಗ್ನಿಶಾಮಕದವರನ್ನೂ ಸೇರಿಸಿತು. ಕರಿಯರು ಬೀದಿಗೆ ಬಂದು ನಮ್ಮ ಜೀವಕ್ಕೂ ಬೆಲೆ ಇದೆ ಎಂದು ಕೂಗುತ್ತಿದ್ದ ಕಾಲ ಅದು. ಅವರ ಕೂಗಿಗೆ ಸಿಕ್ಕ ಜವಾಬು ಇದು: ನಿಮ್ಮನ್ನು ಹೊಡೆಯುವವನಿಗೂ ನಿಮ್ಮಷ್ಟೇ ರಕ್ಷಣೆ! ಇದೇ ದೇಶದ ಓಕ್ಲೆಂಡಿನಲ್ಲಿ 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಹುಟ್ಟಿದ್ದು ಪೊಲೀಸರ ಮೇಲೆ ಕಣ್ಣಿಡುವುದಕ್ಕೆ. ಅವರ ಹೆಸರನ್ನೇ ಹೊತ್ತು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಹಾಗಾಗಿ ಅಲ್ಲಿಯ ಕಥೆ ನಮಗೆ ದೂರದ್ದಲ್ಲ.

ಕಾಕಾ ಹೇಳಿದ್ದರಲ್ಲಿ ಸುಳ್ಳಿಲ್ಲ. ಕಲ್ಲು ಬಿದ್ದಿದೆ. ನಮ್ಮ ನೆಲದಲ್ಲೇ 1980ರ ಜುಲೈ 21ರಂದು ಮಲಪ್ರಭೆಯ ಕಾಲುವೆ ಕರದ ವಿರುದ್ಧ ರೈತರು ಎದ್ದಾಗ ನವಲಗುಂದ, ನರಗುಂದದಲ್ಲಿ ಗೋಲಿಬಾರಾಯಿತು. ರೈತರು ಸತ್ತರು. ನರಗುಂದದಲ್ಲಿ ಕೆರಳಿದ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಪ್ರತಿ ವರ್ಷ ಜುಲೈ 21ಕ್ಕೆ ರೈತ ಹುತಾತ್ಮರಿಗೆ ಹೂವು ಏರಿಸುತ್ತೇವೆ. ಸತ್ತ ಪೊಲೀಸರ ಹೆಸರು ಎತ್ತುವುದಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದರು. ಇದನ್ನು ಒಪ್ಪದೆ ಮುಂದಿನ ಮಾತು ಆಡಿದರೆ ನಾನು ಸುಳ್ಳುಗಾರ.

ಆದರೆ ಆ ದಿನ ಗುಂಪಿಗಿದ್ದದ್ದು ಸಿಟ್ಟು. ಕರ ಹೇರಿದ ಸರ್ಕಾರದ ಮೇಲಿನ ಸಿಟ್ಟು, ಗುಂಡು ಹಾರಿಸಿದ ಬಂದೂಕಿನ ಮೇಲಿನ ಸಿಟ್ಟು. ಕೊಲೆ ಕೊಲೆಯೇ, ಅದಕ್ಕೆ ಶಿಕ್ಷೆ ಇದೆ. ಆದರೆ ದ್ವೇಷ ಅನ್ನುವುದು ಬೇರೆ ಪದಾರ್ಥ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರಲ್ಲ, ಅವರು ಆ ಮನೆಯಲ್ಲಿ ಹುಟ್ಟಿದ್ದೇ ತಪ್ಪಾಗಿತ್ತು. ರಾಜೀನಾಮೆ ಕೊಟ್ಟು ಆಚೆ ಬರುವ ದಾರಿ ಅವರಿಗೆ ಇರಲಿಲ್ಲ. ಹವಾಲ್ದಾರನ ಅಂಗಿ ರಾತ್ರಿ ಗೂಟಕ್ಕೆ ತೂಗುತ್ತದೆ. ನಮ್ಮ ಜಾತಿಯನ್ನು ಯಾವ ಗೂಟಕ್ಕೆ ತೂಗುಹಾಕೋಣ? ಆ ಕೇಸಿನ ಆರೋಪಿಗಳೆಲ್ಲ 2006ರಲ್ಲಿ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾಯ್ದೆ ಇದ್ದೂ ನಮಗೆ ಸಿಕ್ಕದ್ದು ಇಷ್ಟು.

ಪೊಲೀಸರಿಗೆ ಕಾಯ್ದೆ ಇಲ್ಲ ಅಂದವರು ಯಾರು? ಸರ್ಕಾರಿ ನೌಕರನನ್ನು ಕೆಲಸ ಮಾಡಗೊಡದಂತೆ ಕೈಯೆತ್ತಿದರೆ ಐಪಿಸಿಯ 353 ಇತ್ತು. 2024ರ ಜುಲೈ 1ರಿಂದ ಅದೇ ಕಲಮು ಹೊಸ ನ್ಯಾಯಸಂಹಿತೆಯಲ್ಲಿ 132 ಆಗಿ ಕೂತಿದೆ. ಎರಡು ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಲ್ಲ. ಗಾಯ ಮಾಡಿದರೆ 121, ಅದರಲ್ಲಿ ಐದು ವರ್ಷದವರೆಗೆ. ಭಾರೀ ಗಾಯವಾದರೆ ಹತ್ತು ವರ್ಷದವರೆಗೆ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಗಲಾಟೆಯಾಗಿ ಪೊಲೀಸರಿಗೆ ಗಾಯವಾದಾಗ ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯನ್ನೇ ಹಾಕಿದರು. 2024ರಲ್ಲಿ ಸರ್ಕಾರ ಆ ಕೇಸು ವಾಪಸು ಪಡೆಯಲು ಹೊರಟರೆ 2025ರಲ್ಲಿ ಹೈಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. ಇದಕ್ಕಿಂತ ದೊಡ್ಡ ಕೊಡೆ ಯಾವುದು ಬೇಕು?

ಈಗ ನಮ್ಮ ಕೊಡೆ ನೋಡಿರಿ. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ನಮ್ಮ ಫಿರ್ಯಾದಿ ಬರೆದುಕೊಳ್ಳದ, ಬರೆದದ್ದನ್ನು ಓದಿ ಹೇಳದ, ಅದರ ಪ್ರತಿ ಕೊಡದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಶಿಕ್ಷೆ ಹೇಳುತ್ತದೆ. ಕೇಳಲು ಚೆಂದ. ಆದರೆ ಇಲಾಖೆಯೇ ವಿಚಾರಣೆ ನಡೆಸಿ ಶಿಫಾರಸು ಮಾಡಿದ ಮೇಲೆಯೇ ಆ ಕೇಸು ಹಾಕಬೇಕು ಎಂದು ಅದೇ ಕಲಮಿನಲ್ಲಿ ಬರೆದಿದೆ. ನಮ್ಮ ಮೇಲೆ 132 ಹಾಕಲು ಯಾರ ವಿಚಾರಣೆ ಬೇಕು, ಯಾರ ಶಿಫಾರಸು ಬೇಕು?

ಇದನ್ನು ಪುಸ್ತಕ ಓದಿ ಬರೆಯುತ್ತಿಲ್ಲ. ನನ್ನ ಸೋದರಮಾವ ಒಮ್ಮೆ ಜಾತ್ರೆಯಲ್ಲಿ ಪೆಟ್ಟು ತಿಂದು ಠಾಣೆಗೆ ಹೋದ. ಯಾವ ಠಾಣೆ ಅನ್ನುವುದು ಇಲ್ಲಿ ಬೇಡ. ಮುಂಜಾನೆ ಹೋದವನನ್ನು ಬೇವಿನ ಗಿಡದ ಕೆಳಗೆ ದೀಪ ಹಚ್ಚುವ ತನಕ ಕೂಡಿಸಿದರು. "ಗೌಡ್ರ ಕೂಡ ರಾಜಿ ಮಾಡ್ಕೊಂಡು ಹೋಗಲೇ" ಅಂದರು. ಮಾವ ಎದ್ದು ನಿಂತು, "ಬರಕೊಂಡದ್ದಕ್ಕ ಚೀಟಿ ಕೊಡ್ರಿ ಸಾಹೇಬ್ರ" ಅಂದ. ದನಿ ಸ್ವಲ್ಪ ಏರಿತ್ತಂತೆ. ಮರುದಿನ ಅವನ ಮೇಲೆಯೇ 353! ಹೊಡೆಸಿಕೊಂಡವನು ಆರೋಪಿಯಾದ. ಒಂದೊಂದು ತಾರೀಖಿಗೂ ಒಂದು ದಿನದ ಕೂಲಿ, ಬಸ್ ಚಾರ್ಜು, ವಕೀಲರ ಫೀಸು. ಕೊನೆಗೆ ಎರಡು ಆಡು ಮಾರಿದ. ಅವನ ಫಿರ್ಯಾದಿ ಮಾತ್ರ ಆ ಗಿಡದ ಕೆಳಗೇ ಉಳಿಯಿತು.

ನಾಳೆ ಪೊಲೀಸರ ಹೆಸರು ದ್ವೇಷದ ಪಟ್ಟಿಯಲ್ಲಿ ಬಂತು ಅನ್ನಿರಿ. ಅದೇ ಮಾವ, ಅದೇ ಮಾತು. ಆಗ ಅವನು ಕೆಲಸಕ್ಕೆ ಅಡ್ಡಿ ಮಾಡಿದವನಷ್ಟೇ ಅಲ್ಲ, ದ್ವೇಷಿ! 2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲೂಕಿನ ಗೋಣಿಬೀಡು ಠಾಣೆಯಲ್ಲಿ ಫೌಜದಾರ ತನಗೆ ಮೂತ್ರ ಕುಡಿಸಿದ ಎಂದು ದಲಿತ ಹುಡುಗನೊಬ್ಬ ದೂರು ಕೊಟ್ಟ. ಫೌಜದಾರ ಅಮಾನತಾದ, ದೌರ್ಜನ್ಯ ಕಾಯ್ದೆಯಡಿ ಕೇಸಾಯಿತು, ತನಿಖೆ ಸಿಐಡಿಗೆ ಹೋಯಿತು. ದೂರು ಹೊರಬಂದದ್ದೇ ದೊಡ್ಡದು. ಖಾಕಿಯನ್ನು ದೂರುವುದೇ ದ್ವೇಷ ಅನ್ನಿಸಿಕೊಂಡರೆ ಇನ್ನೊಬ್ಬ ಹುಡುಗ ಬಾಯಿ ಬಿಟ್ಟಾನೆಯೇ? 2016ರ ಜುಲೈನಲ್ಲಿ ಮಹದಾಯಿ ಗಲಾಟೆಯ ಹೊತ್ತಿಗೆ ನವಲಗುಂದ ತಾಲೂಕಿನ ಯಮನೂರಿಗೆ ನುಗ್ಗಿ ಮುದುಕರು, ಹೆಂಗಸರು ಎನ್ನದೆ ಬಡಿದದ್ದನ್ನು ನಾಡೆಲ್ಲ ಟಿವಿಯಲ್ಲಿ ಕಂಡಿತು. ಅಲ್ಲಿ ಲಾಠಿಯನ್ನು ತಡೆದು ಹಿಡಿದ ಕೈಗೆ ಯಾವ ಕಲಮು ಹಚ್ಚುತ್ತಿದ್ದರು?

ಇನ್ನು ಕಾಕಾನ ದುಃಖ. ಅವರನ್ನು ಠಾಣೆಯೊಳಗೆ ಜಾತಿ ಹಿಡಿದು ಬೈದವರು ಕಲ್ಲು ಒಗೆದವರಲ್ಲ, ಜೊತೆಗಾರರು. ತಾಟು ಬೇರೆ ಇಟ್ಟವರು ಜೊತೆಗಾರರು. ಅದಕ್ಕೆ 1989ರ ಕಾಯ್ದೆ ಆಗಲೂ ಇತ್ತು, ಈಗಲೂ ಇದೆ. ಖಾಕಿ ತೊಟ್ಟ ಮಾತ್ರಕ್ಕೆ ದಲಿತನ ಆ ಹಕ್ಕು ಹೋಗುವುದಿಲ್ಲ. ಇಪ್ಪತ್ತು ತಾಸು ನಿಲ್ಲಿಸಿ ರಜೆ ಕೊಡದವರು, ಸಾಹೇಬರ ಮನೆಯ ನಾಯಿ ಅಡ್ಡಾಡಿಸಲು ಕಳಿಸಿದವರು ಮೇಲಿನವರು. 2016ರ ಜೂನ್ 4ಕ್ಕೆ ಕರ್ನಾಟಕದ ಪೇದೆಗಳು ಸಂಬಳ ಸಾಲದು, ವಾರದ ರಜೆ ಬೇಕು ಎಂದು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಸರ್ಕಾರ ಏನು ಮಾಡಿತು? ಎಸ್ಮಾ ಹೇರಿತು. ಮುಂದಾಳು ಶಶಿಧರ್ ವೇಣುಗೋಪಾಲರನ್ನು ರಾಜದ್ರೋಹದ ಕೇಸಿನಲ್ಲಿ ಒಳಗೆ ಹಾಕಿತು. ಪೇದೆಯ ಮೇಲೆ ಇಷ್ಟೊಂದು ಮಮತೆ ಇದ್ದವರು ಅವನಿಗೆ ಒಂದು ಭಾನುವಾರ ಕೊಡಲಿಲ್ಲ!

ಇದನ್ನೆಲ್ಲ ಮುಂದಿನ ಭೇಟಿಯಲ್ಲಿ ಕಾಕಾನಿಗೆ ಹೇಳಿದೆ. ಅವರು ಬಹಳ ಹೊತ್ತು ತಲೆಯ ಹೊಲಿಗೆ ಸವರಿಕೊಳ್ಳುತ್ತ ಕೂತರು. ಒಪ್ಪಿದೆ ಅನ್ನಲಿಲ್ಲ. "ನಿಮ್ಮ ಹುಡುಗರಿಗೆ ಫಿರ್ಯಾದಿ ಬರಿಯಾಕ ಬರೂದಿಲ್ಲಪಾ. ಊರು, ತಾರೀಖು, ಹೊತ್ತು, ಅಂದ ಮಾತು, ಕೇಳಿದ ಸಾಕ್ಷಿ, ಇದರಾಗ ಒಂದು ಬಿಟ್ಟರೂ ಕೇಸು ಬಿತ್ತು. ಎಷ್ಟು ಕೇಸು ಹಂಗ ಬೀಳಿಸೀವಿ, ನನಗ ಗೊತ್ತೈತಿ" ಅಂದರು. ಆಮೇಲೆ, ಐತವಾರ ಹುಡುಗರನ್ನು ಕರಕೊಂಡು ಬಾ, ಕಲಿಸ್ತೀನಿ ಅಂದರು. ಈ ಐತವಾರ ಮುಂಜಾನೆ ಹತ್ತಕ್ಕೆ, ಕೇರಿಯ ಸಮುದಾಯ ಭವನದಲ್ಲಿ. ಕುಂದಗೋಳ, ಕಲಘಟಗಿ ಕಡೆಯವರೂ ಬರ್ರಿ. ಹಾಳೆ, ಪೆನ್ನು ನೀವೇ ತರಬೇಕು.